ಓಡುವಾಗ ನೀರು ಎಷ್ಟು ಕುಡಿದರೂ ಒಳ್ಳೆಯದೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಬೆಂಗಳೂರಿನ ವರ್ಲ್ಡ್ 10ಕೆ ಓಟ ಹತ್ತಿರ ಬಂತೆಂದರೆ ಫೋನಿಗೆ ಒಂದು ಸಲಹೆ ಬರುತ್ತದೆ: ‘ಬಾಯಾರಿಕೆಗೆ ಕಾಯಬೇಡಿ, ಓಡುವಾಗ ಆದಷ್ಟು ನೀರು ಕುಡಿಯಿರಿ.’ 2008ರಲ್ಲಿ ಶುರುವಾದ ಈ ಓಟ ನಡೆಯುವುದು ಬೇಸಿಗೆಯಲ್ಲಿ, ನಗರದ ನಡುವಿನ ರಸ್ತೆಗಳಲ್ಲಿ. ಹಾಗಾಗಿ ಸಲಹೆ ಸರಿ ಅನ್ನಿಸುತ್ತದೆ. ಆದರೆ ಅದರಲ್ಲಿ ಅರ್ಧ ಮಾತ್ರ ನಿಜ.

ನೀರು ಬೇಕೇ ಬೇಕು. ಆದರೆ ಅತಿಯಾದರೆ ಅಪಾಯ.

ಏಕೆ ಹೀಗೆ?

ಸಾರಿಗೆ ಸುಮ್ಮನೆ ನೀರು ಸುರಿದರೆ ಏನಾಗುತ್ತದೆ? ಹಾಕಿದ ಉಪ್ಪು ಅಷ್ಟೇ ಇದ್ದರೂ ಸಾರು ಸಪ್ಪೆಯಾಗುತ್ತದೆ. ರಕ್ತದಲ್ಲೂ ಹಾಗೆಯೇ. ದೀರ್ಘ ಓಟದ ಸಮಯದಲ್ಲಿ ಮೂತ್ರ ತಡೆಯುವ ಹಾರ್ಮೋನು ಹೆಚ್ಚುವುದರಿಂದ ಹೆಚ್ಚುವರಿ ನೀರು ಬೇಗ ಹೊರಹೋಗುವುದಿಲ್ಲ. ರಕ್ತದ ಸೋಡಿಯಂ ತೆಳುವಾಗುತ್ತದೆ, ನೀರು ಜೀವಕೋಶಗಳಿಗೆ ನುಗ್ಗಿ ಮೆದುಳು ಊದಿಕೊಳ್ಳುತ್ತದೆ. ಇದಕ್ಕೆ ಹೈಪೋನಟ್ರೀಮಿಯ ಎನ್ನುತ್ತಾರೆ. ಇದರಿಂದ ಪ್ರಾಣ ಹೋಗಿದ್ದೂ ಇದೆ.

2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13 ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ಓಟ ಮುಗಿಸುವಾಗ ತೂಕ ಹೆಚ್ಚಿದ್ದವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದವರಲ್ಲಿ, ಇದು ಹೆಚ್ಚು ಕಂಡುಬಂತು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರಲ್ಲೂ ಅಷ್ಟೇ. ನೀರಿನ ಬದಲು ಸ್ಪೋರ್ಟ್ಸ್ ಡ್ರಿಂಕ್ ಕುಡಿದವರಿಗೂ ರಕ್ಷಣೆ ಸಿಕ್ಕಿರಲಿಲ್ಲ. ಒಂದೆರಡು ಗಂಟೆಯ 10 ಕಿಲೋಮೀಟರ್ ಓಟದಲ್ಲಿ ಈ ತೊಂದರೆ ಅಪರೂಪ.

ಕರಾವಳಿಯವರು ಗಮನಿಸಿ

ಕುಮಟಾ, ಸಂತೆಗುಳಿ ಕಡೆ ಅಭ್ಯಾಸ ಮಾಡುವವರಿಗೆ ಇನ್ನೊಂದು ಮಾತು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರದೆ ಹಾಗೇ ಸುರಿಯುತ್ತದೆ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುವುದು. ಅಂಥ ದಿನ ಎಷ್ಟು ನೀರು ಕುಡಿದರೂ ಮೈಕಾವು ಇಳಿಯದು. ವೇಗ ಇಳಿಸಿ, ನೆರಳಿಗೆ ಬನ್ನಿ.

ಹಾಗಾದರೆ ಏನು ಮಾಡಬೇಕು?

• ಬಾಯಾರಿದಾಗ ಕುಡಿಯಿರಿ. ಪ್ರತಿ ನೀರಿನ ಕೇಂದ್ರದಲ್ಲೂ ಬಾಟಲಿ ಖಾಲಿ ಮಾಡಬೇಕಿಲ್ಲ.
• ಅಭ್ಯಾಸದ ಮೊದಲು, ನಂತರ ತೂಕ ನೋಡಿ. ಹೆಚ್ಚಿದ್ದರೆ ಅತಿಯಾಗಿ ಕುಡಿದಿದ್ದೀರಿ.
• ಯಾರಿಗಾದರೂ ತಲೆನೋವು, ವಾಂತಿ, ಗೊಂದಲ, ತೊದಲು ಮಾತು ಕಂಡರೆ ಒತ್ತಾಯದಿಂದ ನೀರು ಕುಡಿಸಬೇಡಿ. ಬಿಸಿಲಿನ ಹೊಡೆತದಲ್ಲೂ ಇದೇ ಲಕ್ಷಣಗಳು ಬರಬಹುದು. ನೋಡಿ ಹೇಳಲು ನಮಗೆ ನಿಮಗೆ ಆಗದು. ಕೂಡಲೇ ವೈದ್ಯರ ಬಳಿ ಕರೆದೊಯ್ಯಿರಿ.

ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇದ್ದವರು ಓಟಕ್ಕೆ ಮೊದಲೇ ವೈದ್ಯರನ್ನು ಕೇಳಿ.

ಮುಂದಿನ ಸಲ ಆ ಸಂದೇಶ ಬಂದಾಗ ಒಂದೇ ಸಾಲು ಸೇರಿಸಿ ಕಳಿಸಿ: ಬಾಯಾರಿದಷ್ಟು ಕುಡಿಯಿರಿ, ಅದಕ್ಕಿಂತ ಹೆಚ್ಚು ಬೇಡ.