ವಾದ್ಯದಂಗಡಿಯ ಜಗಲಿ

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಹಾರ್ಮೋನಿಯಂ ವಾದ್ಯಕ್ಕೆ ಹಿರಿಯರು ಇಟ್ಟ ಹೆಸರು ಪೆಟ್ಟಿಗೆ. ಭಜನೆಯ ಮನೆಯಲ್ಲಿ ಅದು ಪೆಟ್ಟಿಗೆ, ನಾಟಕದ ತಾಲೀಮಿನಲ್ಲಿ ಪೆಟ್ಟಿಗೆ, ನಮ್ಮ ದೇವಾಲಯಗಳಲ್ಲಿಯೂ ವಯಸ್ಸಾದ ಗಾಯಕರ ಬಾಯಲ್ಲಿ ಅದು ಪೆಟ್ಟಿಗೆಯೇ. ಹೆಸರು ಒಂದೇ ಆಗಿರುವಂತೆ, ಈ ಮೂರೂ ಕಡೆಯವರು ಅದನ್ನು ಕೊಂಡದ್ದು ಮತ್ತು ಕೆಟ್ಟಾಗ ಹೊತ್ತೊಯ್ದದ್ದು ಒಂದೇ ಬಗೆಯ ಅಂಗಡಿಗೆ. ಈ ವಾರ ಆ ಅಂಗಡಿಯನ್ನು ಕುರಿತು ನಾಲ್ಕು ಮಾತು ಬರೆಯುವ ಮನಸ್ಸಾಗಿದೆ. ಧರ್ಮದ ಅಂಕಣದಲ್ಲಿ ಅಂಗಡಿಯ ಮಾತೇಕೆಂದು ಕೇಳುವ ಓದುಗರು ಸ್ವಲ್ಪ ತಾಳ್ಮೆಯಿಂದ ಮುಂದೆ ಓದಬೇಕೆಂದು ಕೋರುತ್ತೇವೆ.

ತಾಲ್ಲೂಕು ಊರಿನ ವಾದ್ಯದಂಗಡಿ ಎಂದರೆ ಗಾಜಿನ ಬಾಗಿಲಿನ ದೊಡ್ಡ ಮಳಿಗೆಯಲ್ಲ. ಮುಂದೆ ನೇತುಹಾಕಿದ ಕೊಳಲು, ತಾಳ, ಗೆಜ್ಜೆ, ದಮ್ಮಡಿ, ಒಂದೆರಡು ಡೋಲಕ್ಕು. ಹಿಂದೆ ಉಳಿ, ಅರ, ಅಂಟಿನ ಡಬ್ಬಿ ಮತ್ತು ಬಿಚ್ಚಿಟ್ಟ ಪೆಟ್ಟಿಗೆಯೊಂದರ ಒಡಲು. ಮಾರಾಟ ಕಡಿಮೆ, ರಿಪೇರಿ ಹೆಚ್ಚು. ಮಳೆಗಾಲದಲ್ಲಿ ಮರ ಉಬ್ಬಿ ಮನೆಗಳು ಕೆಳಗಿಳಿದಲ್ಲೇ ಸಿಕ್ಕಿಕೊಳ್ಳುತ್ತವೆ. ಇಲಿ ತಿದಿಯನ್ನು ಕಡಿಯುತ್ತದೆ. ಜಿರಳೆ ಒಳಗೆ ಸಂಸಾರ ಹೂಡುತ್ತದೆ. ರೀಡಿನ ಕೆಳಗೆ ಒಂದು ಕಸದ ಎಳೆ ಕುಳಿತರೆ ಆ ಸ್ವರವೇ ಮೂಕವಾಗುತ್ತದೆ. ಇವೆಲ್ಲವನ್ನೂ ಸರಿಪಡಿಸಬಹುದು. ಆದರೆ ಶ್ರುತಿ ಕೂಡಿಸುವುದು ಬೇರೆಯೇ ವಿದ್ಯೆ. ಹಿತ್ತಾಳೆಯ ರೀಡಿನ ತುದಿಯನ್ನು ಕೂದಲೆಳೆಯಷ್ಟು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಕೆರೆದುಹೋದ ಹಿತ್ತಾಳೆಯನ್ನು ಮರಳಿ ಅಂಟಿಸಲು ಬಾರದು. ಆದ್ದರಿಂದ ಕೆರೆಯುವವನು ಒಮ್ಮೆ ಕೆರೆದು ಹತ್ತು ಬಾರಿ ಕೇಳುತ್ತಾನೆ. ಇಷ್ಟು ತಾಳ್ಮೆಯಿಂದ ಕೇಳುವ ಕಿವಿಯನ್ನು ನಾವು ಪಾಪನಿವೇದನೆಯ ಪೀಠದಲ್ಲಿ ಕುಳಿತೂ ಪಡೆಯಲು ಹೆಣಗುತ್ತೇವೆ.

ಕೆಲಸ ಹೀಗೆ ನಿಧಾನವಾಗಿ ಸಾಗುವುದರಿಂದ ಬಂದವರು ಕಾಯಬೇಕು. ಕಾಯುವವರಿಗೆ ಇರುವುದು ಜಗಲಿ. ಅಂಗಡಿಯ ಜೀವ ನಿಜವಾಗಿ ನೆಲೆಸಿರುವುದು ಅಲ್ಲಿ. ಬೀರೂರಿನಲ್ಲಿ ರೈಲು ಹಿಡಿಯಬೇಕಾದ ಶಾಲೆಯ ಸಂಗೀತ ಶಿಕ್ಷಕಿ, ತಬಲಕ್ಕೆ ಹೊಸ ಮುಚ್ಚಿಗೆ ಹಾಕಿಸಲು ಬಂದ ಭಜನಾ ಮಂಡಲಿಯ ಯುವಕ, ಕ್ರಿಸ್ತಜಯಂತಿಗೆ ಮುನ್ನ ಪೆಟ್ಟಿಗೆ ಸರಿಪಡಿಸಿಕೊಂಡು ಹೋಗಲು ಬಂದ ಕಾನ್ವೆಂಟಿನ ಭಗಿನಿ, ಹಳ್ಳಿಯ ಪೌರಾಣಿಕ ನಾಟಕಕ್ಕೆ ಮಟ್ಟು ಹೇಳಿಕೊಡುವ ಮೇಷ್ಟರು, ಇವರೆಲ್ಲ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಯಾವ ಜಾತಿ, ಯಾವ ಮತ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ನಿಮ್ಮ ಶ್ರುತಿ ಎಷ್ಟು ಮನೆ ಎಂಬುದು ಮೊದಲು ಕೇಳುವ ಪ್ರಶ್ನೆ.

ಇವರಲ್ಲಿ ನಾಟಕದ ಮೇಷ್ಟರನ್ನು ಕುರಿತು ಸ್ವಲ್ಪ ಹೆಚ್ಚು ಹೇಳಬೇಕು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಕುರುಕ್ಷೇತ್ರದಂಥ ನಾಟಕ ಕಲಿಸುವವರು ಹಾರ್ಮೋನಿಯಂ ಮೇಷ್ಟರೇ. ನಿರ್ದೇಶಕರೂ ಅವರೇ, ಸಂಗೀತಗಾರರೂ ಅವರೇ. ರಾಗಿ, ಈರುಳ್ಳಿ, ಅಡಿಕೆಯ ಕೆಲಸ ಮುಗಿಸಿ ಬಂದ ರೈತ ರಾತ್ರಿ ತಾಲೀಮಿಗೆ ಕೂರುತ್ತಾನೆ. ಹಗಲು ಎತ್ತನ್ನು ಗದರಿಸಿದ ಅದೇ ಗಂಟಲಿನಿಂದ ಕಂದಪದ್ಯ ಹೊರಡಬೇಕು. ಮೇಷ್ಟರು ಕಾಲುಪೆಟ್ಟಿಗೆಯ ಮುಂದೆ ಕುಳಿತು ಅವನ ಗಂಟಲು ಎಲ್ಲಿಯವರೆಗೆ ಏರಬಲ್ಲದೋ ಅಲ್ಲಿಗೆ ಶ್ರುತಿಯನ್ನು ಇಳಿಸುತ್ತಾರೆ. ಪದ್ಯವನ್ನು ನೂರು ಬಾರಿ ಹೇಳಿಸುತ್ತಾರೆ. ಅಕ್ಷರ ಬಾರದವರೂ ಹೀಗೆ ದೊಡ್ಡ ದೊಡ್ಡ ಪಾತ್ರಗಳನ್ನು ಬಾಯಿಪಾಠ ಮಾಡಿ ಆಡಿದ್ದಾರೆ. ನಮ್ಮ ಗಾನವೃಂದಗಳಿಗೆ ಈ ಮೇಷ್ಟರುಗಳಿಂದ ಕಲಿಯುವುದು ಬಹಳ ಇದೆ. ಹಾಡುವವನ ಗಂಟಲಿಗೆ ತಕ್ಕಂತೆ ವಾದ್ಯವನ್ನು ಒಗ್ಗಿಸುವುದು ಅವರ ಕ್ರಮ. ನಾವಾದರೋ ಈಚೆಗೆ ಯಂತ್ರ ಹೇಳಿದಂತೆ ಗಂಟಲನ್ನು ಒಗ್ಗಿಸಹೊರಟಿದ್ದೇವೆ.

ಕೈಯಿಂದ ತಿದಿ ಒತ್ತಿ ನೆಲದ ಮೇಲೆ ಕುಳಿತು ನುಡಿಸುವ ನಮ್ಮ ಪೆಟ್ಟಿಗೆ ರೂಪುಗೊಂಡದ್ದೇ ಒಂದು ವಾದ್ಯದಂಗಡಿಯಲ್ಲಿ ಎಂಬುದು ಅನೇಕರಿಗೆ ತಿಳಿಯದು. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ಡಿಬೇನ್ ಎಂಬಾತ ಹಾರ್ಮೋನಿಯಂ ಹೆಸರಿನ ವಾದ್ಯಕ್ಕೆ ಹಕ್ಕುಪತ್ರ ಪಡೆದನು. ಅದು ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ಗಾಳಿ ತುಂಬುವ ವಾದ್ಯ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ವಾದ್ಯವ್ಯಾಪಾರಿ ದ್ವಾರಕಾನಾಥ ಘೋಷ್ ಅವರು ನೆಲದ ಮೇಲೆ ಕೂರುವ ನಮ್ಮ ಗಾಯಕರನ್ನು ಕಂಡು ಅದನ್ನು ಕೈಪೆಟ್ಟಿಗೆಯಾಗಿ ಮಾರ್ಪಡಿಸಿದರು. ಅವರ ಅಂಗಡಿಯ ಹೆಸರು ದ್ವಾರ್ಕಿನ್. ಮುಂದೆ ರೀಡುಗಳ ತಯಾರಿಕೆಗೆ ಗುಜರಾತಿನ ಪಾಲಿತಾಣಾ ಹೆಸರಾಯಿತು. ವಾದ್ಯಗಳ ವ್ಯಾಪಾರದಲ್ಲಿ ಕಥೋಲಿಕರ ಪಾಲೂ ಸಣ್ಣದಲ್ಲ. ಮುಂಬಯಿಯ ಫುರ್ಟಾಡೋಸ್ ಸಂಸ್ಥೆ ತನ್ನ ಆರಂಭವನ್ನು 1865ಕ್ಕೆ ಗುರುತಿಸುತ್ತದೆ.

ಈ ಪೆಟ್ಟಿಗೆಯೂ ಬಹಿಷ್ಕಾರವನ್ನು ಕಂಡಿದೆ. ಗಮಕಗಳನ್ನು ನುಡಿಸಲಾಗದ ಪರದೇಶಿ ವಾದ್ಯವೆಂದು 1940ರಲ್ಲಿ ಆಕಾಶವಾಣಿಯು ಅದನ್ನು ಹೊರಗಿಟ್ಟಿತು. ಆ ಬಿಗಿ ಸಡಿಲವಾದದ್ದು 1971ರಲ್ಲಿ. ಅದೇ ಕಾಲದಲ್ಲಿ ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರು (1917-2010) ಅದೇ ವಾದ್ಯವನ್ನು ಹಿಡಿದು ಹಲವು ತಲೆಮಾರುಗಳ ಶಿಷ್ಯರನ್ನು ತಯಾರು ಮಾಡಿದರು. ಹಳ್ಳಿಯ ಭಜನಾ ಮಂದಿರವಂತೂ ಆಕಾಶವಾಣಿಯ ಅಪ್ಪಣೆಗಾಗಿ ಕಾಯಲಿಲ್ಲ.

ಇನ್ನು ನಮ್ಮ ಮನೆಯ ಮಾತು. ಧರ್ಮಸಭೆಯೂ ವಾದ್ಯಗಳ ವಿಷಯದಲ್ಲಿ ಬಹಳ ಎಚ್ಚರದಿಂದ ನಡೆದಿದೆ. ಕೀರ್ತನೆ ಹಾಡುವಾಗ ಮನಸ್ಸು ಅರ್ಥಕ್ಕಿಂತ ರಾಗದ ಸುಖಕ್ಕೇ ಒಲಿಯುತ್ತದೆಯಲ್ಲ ಎಂದು ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ಚಿಂತಿಸಿ, ಕಡೆಗೆ ಹಾಡಿನ ಪ್ರಯೋಜನವನ್ನೇ ಒಪ್ಪುತ್ತಾರೆ. ಹತ್ತನೆಯ ಪಿಯುಸ್ ಜಗದ್ಗುರುಗಳು 1903ರ ನವೆಂಬರ್ 22ರಂದು, ಗಾಯಕರ ಪಾಲಕಿಯಾದ ಸಂತ ಸಿಸಿಲಿಯಾಳ ಹಬ್ಬದ ದಿನವೇ, ಪಿಯಾನೊ ಮತ್ತು ಸದ್ದಿನ ಚರ್ಮವಾದ್ಯಗಳನ್ನು ದೇವಾಲಯದಿಂದ ದೂರವಿರಿಸಿದರು. ಮುಂದೆ ಎರಡನೆಯ ವ್ಯಾಟಿಕನ್ ಮಹಾಸಭೆ ಬಾಗಿಲನ್ನು ಅಗಲಿಸಿತು. ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯ ಮೈಸೂರಿನಿಂದ ಬೇರ್ಪಟ್ಟು ಸ್ಥಾಪನೆಯಾದದ್ದು 1963ರ ನವೆಂಬರ್ 16ರಂದು. ಅದಾದ ಹದಿನೆಂಟನೆಯ ದಿನ, ಡಿಸೆಂಬರ್ 4ರಂದು, ದೈವಾರಾಧನೆಯನ್ನು ಕುರಿತ ಮಹಾಸಭೆಯ ಸಂವಿಧಾನ ಪ್ರಕಟವಾಯಿತು. ಪೈಪ್ ಆರ್ಗನ್ನಿಗೆ ಹಿರಿಯ ಸ್ಥಾನವನ್ನು ಉಳಿಸಿಯೇ, ಆಯಾ ನಾಡಿನ ಅಧಿಕಾರಿಗಳ ಒಪ್ಪಿಗೆಯೊಂದಿಗೆ, ದೇವಾಲಯದ ಘನತೆಗೆ ಒಪ್ಪುವ ಇತರ ವಾದ್ಯಗಳನ್ನು ಬಳಸಬಹುದೆಂದು ಅದು ಹೇಳಿತು. ಹೀಗೆ ನಮ್ಮ ಧರ್ಮಪ್ರಾಂತ್ಯವೂ ಜನರ ನುಡಿಯ ಆರಾಧನೆಯೂ ಹೆಚ್ಚುಕಡಿಮೆ ಒಂದೇ ತೊಟ್ಟಿಲಲ್ಲಿ ಬೆಳೆದವು. ಮನೆಯಲ್ಲಿ ಕೊಂಕಣಿ, ತಮಿಳು, ಕನ್ನಡ ಮಾತನಾಡುವ ಕುಟುಂಬಗಳು ಒಂದೇ ಬಲಿಪೂಜೆಯಲ್ಲಿ ಕನ್ನಡದಲ್ಲಿ ಹಾಡತೊಡಗಿದಾಗ ಅವರನ್ನು ಒಂದು ಶ್ರುತಿಗೆ ತಂದದ್ದು ಪೆಟ್ಟಿಗೆ ಮತ್ತು ತಬಲ.

ಈಗ ಆ ಪೆಟ್ಟಿಗೆ ಎಲ್ಲಿದೆ? ಎಷ್ಟೋ ದೇವಾಲಯಗಳಲ್ಲಿ ಅದು ವಸ್ತ್ರಾಗಾರದ ಮೂಲೆಯಲ್ಲಿ, ಹರಿದ ಪರದೆ ಹೊದ್ದುಕೊಂಡು ಕುಳಿತಿದೆ. ಅದರ ಜಾಗಕ್ಕೆ ಮೊದಲು ಕೀಬೋರ್ಡು ಬಂತು. ಕೀಬೋರ್ಡಿನ ಮೇಲೆ ನಮಗೆ ಹಗೆಯಿಲ್ಲ. ಅದನ್ನೂ ಮನುಷ್ಯನ ಬೆರಳುಗಳೇ ನುಡಿಸಬೇಕು. ಆದರೆ ಅದರ ಹಿಂದೆಯೇ ಪೆನ್ ಡ್ರೈವ್ ಬಂತು, ಮೊಬೈಲಿನಲ್ಲಿ ತುಂಬಿಟ್ಟ ಹಿನ್ನೆಲೆ ಸಂಗೀತ ಬಂತು. ಗುಂಡಿ ಒತ್ತಿದರೆ ಹತ್ತು ಪಿಟೀಲು, ಎರಡು ಕೊಳಲು, ಒಂದು ಮೃದಂಗ ಒಮ್ಮೆಲೇ ಹೊರಡುತ್ತವೆ. ಕೇಳಲು ಸೊಗಸು. ಅಷ್ಟೇ ಅಲ್ಲ, ನುಡಿಸುವವರು ಸಿಗದ ಸಣ್ಣ ಧರ್ಮಕೇಂದ್ರಗಳ ಕಷ್ಟವೂ ನಮಗೆ ಗೊತ್ತು.

ಆದರೂ ಒಂದು ಸಂಗತಿಯನ್ನು ನೆನಪಿಸಬೇಕು. ಹನ್ನೆರಡನೆಯ ಪಿಯುಸ್ ಜಗದ್ಗುರುಗಳ ಕಾಲದಲ್ಲಿ, 1958ರ ಸೆಪ್ಟೆಂಬರಿನಲ್ಲಿ, ಪವಿತ್ರ ಸಂಗೀತವನ್ನು ಕುರಿತು ಹೊರಟ ಸೂಚನೆಗಳು ಗ್ರಾಮಫೋನು, ರೇಡಿಯೊ, ಟೇಪ್ ರೆಕಾರ್ಡರುಗಳಂಥ ತಾನಾಗಿ ನುಡಿಯುವ ಯಂತ್ರಗಳನ್ನು ಆರಾಧನೆಯಲ್ಲಿ ಬಳಸಕೂಡದೆಂದು ಸ್ಪಷ್ಟವಾಗಿ ಹೇಳಿದ್ದವು. ಅದೇ ಸೂಚನೆಗಳು ವಿದ್ಯುತ್ ಆರ್ಗನ್ನನ್ನು, ಬೇರೆ ಗತಿಯಿಲ್ಲದಲ್ಲಿ, ಸಹಿಸಿಕೊಂಡವು. ಈ ವ್ಯತ್ಯಾಸದಲ್ಲಿ ಒಂದು ತತ್ವವಿದೆ. ಉಪಕರಣವೆಂಬುದು ತಾನಾಗಿ ಏನನ್ನೂ ಮಾಡದು, ಅದನ್ನು ನಡೆಸುವ ಕರ್ತೃವಿನ ಚಲನೆಯಿಂದಲೇ ಅದು ಕೆಲಸ ಮಾಡುತ್ತದೆ ಎಂದು ಸಂತ ತೋಮಾಸ್ ಅಕ್ವಿನಾಸರು ವಿವರಿಸುತ್ತಾರೆ. ಗುರುಮಠದಲ್ಲಿ ಇದನ್ನು ಕೊಡಲಿ, ಗರಗಸಗಳ ಉದಾಹರಣೆಯಿಂದ ಕಲಿಯುತ್ತೇವೆ; ಪೆಟ್ಟಿಗೆಯ ಉದಾಹರಣೆ ಇನ್ನೂ ಚೆನ್ನಾಗಿ ಒಪ್ಪುತ್ತಿತ್ತು. ತಿದಿ ಒತ್ತುವ ಕೈ ನಿಂತರೆ ಪೆಟ್ಟಿಗೆ ನಿಲ್ಲುತ್ತದೆ. ತುಂಬಿಟ್ಟ ಸಂಗೀತವಾದರೋ ದೇವಾಲಯದಲ್ಲಿ ಒಬ್ಬರೂ ಹಾಡದಿದ್ದರೂ ತನ್ನ ಪಾಡಿಗೆ ತಾನು ಕೊನೆಯವರೆಗೆ ಸಾಗುತ್ತದೆ.

ಇದರ ಪರಿಣಾಮವನ್ನು ಭಾನುವಾರ ಕಣ್ಣಾರೆ ಕಾಣಬಹುದು. ಪರಮಪ್ರಸಾದದ ಸಾಲು ಉದ್ದವಾದರೆ ಪೆಟ್ಟಿಗೆ ನುಡಿಸುವವನು ಪಲ್ಲವಿಯನ್ನು ಇನ್ನೊಮ್ಮೆ ಎತ್ತಿಕೊಳ್ಳುತ್ತಾನೆ. ಕೊನೆಯ ಬೆಂಚಿನ ಅಜ್ಜಿ ಅರ್ಧ ಮಾತ್ರೆ ಹಿಂದೆ ಬಿದ್ದರೆ ಆಕೆಗಾಗಿ ಕಾಯುತ್ತಾನೆ. ಮಕ್ಕಳು ಕಡಿಮೆಯಿದ್ದ ದಿನ ಒಂದು ಮನೆ ಕೆಳಗಿಳಿಯುತ್ತಾನೆ. ಯಂತ್ರ ಯಾರಿಗೂ ಕಾಯದು. ಅಜ್ಜಿ ಎರಡು ವಾರ ಪ್ರಯತ್ನಿಸಿ, ಮೂರನೆಯ ವಾರ ಸುಮ್ಮನಾಗುತ್ತಾಳೆ. ಕರೆಂಟು ಹೋದರಂತೂ ಇಡೀ ಗಾನವೃಂದವೇ ಸುಮ್ಮನಾಗುತ್ತದೆ. ಮರಣದ ಮನೆಯಿಂದ ಸಮಾಧಿಯವರೆಗೆ ಹಾಡುತ್ತ ನಡೆಯುವಾಗ, ಕೊರಳಿಗೆ ಪಟ್ಟಿ ಹಾಕಿ ಪೆಟ್ಟಿಗೆ ಹೊತ್ತ ಒಬ್ಬ ಹುಡುಗ ಜೊತೆಗಿದ್ದರೆ ದುಃಖದಲ್ಲಿರುವ ಕುಟುಂಬಕ್ಕೆ ಅದೆಷ್ಟು ಆಸರೆಯೆಂದು ಕಂಡವರೇ ಬಲ್ಲರು.

ದೇವಾಲಯದ ಪೆಟ್ಟಿಗೆ ಮೂಲೆ ಸೇರಿದಾಗ ಅಂಗಡಿಯ ಜಗಲಿಯೂ ಬರಿದಾಗುತ್ತದೆ. ಭಜನಾ ಮಂಡಲಿಯೂ ಮೊಬೈಲಿಗೆ ತಿರುಗಿದರೆ, ನಾಟಕ ವರ್ಷಕ್ಕೊಂದಾದರೆ, ಶ್ರುತಿ ಕೂಡಿಸುವ ತಂದೆ ತನ್ನ ಮಗನಿಗೆ ಆ ವಿದ್ಯೆಯನ್ನು ಯಾವ ಧೈರ್ಯದಿಂದ ಕಲಿಸಿಯಾನು? ಹೊಸ ವಾದ್ಯವನ್ನು ಮನೆಬಾಗಿಲಿಗೆ ತರಿಸಿಕೊಳ್ಳಬಹುದು. ಕೆಟ್ಟ ರೀಡಿಗೆ ಕಿವಿಗೊಡುವವನನ್ನು ಪಾರ್ಸೆಲಿನಲ್ಲಿ ತರಿಸಲು ಬಾರದು.

ವಾದ್ಯ ಮಾಡುವವರ ಕಡೆಗೆ ನಮ್ಮ ಸಮಾಜ ಸಾಮಾನ್ಯವಾಗಿ ಕಣ್ಣು ಹಾಯಿಸುವುದಿಲ್ಲ. ತಮಿಳುನಾಡಿನ ಮೃದಂಗ ತಯಾರಕರನ್ನು ಕುರಿತು ಗಾಯಕ ಟಿ. ಎಂ. ಕೃಷ್ಣ ಅವರು 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಇಂಗ್ಲಿಷ್ ಪುಸ್ತಕ ಹೊರತಂದರು. ಹೆಸರೇ ಹೇಳುವಂತೆ ಅದು ತಂಜಾವೂರಿನ ಒಂದು ದಲಿತ ಕ್ರೈಸ್ತ ಮನೆತನದ ಹೆಸರು. ಆ ಮನೆತನದ ಪರ್ಲಾಂದು ಅವರು ಪಾಲ್ಘಾಟ್ ಮಣಿ ಅಯ್ಯರ್ ಅವರಿಗೆ ಮೃದಂಗ ಸಿದ್ಧಪಡಿಸುತ್ತಿದ್ದರು. ಚರ್ಮವನ್ನು ಹದಮಾಡಿ, ಬಾರು ಎಳೆದು, ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು ಪದರ ಪದರವಾಗಿ ಕರಣೆ ಹಾಕುವ ಆ ಕೈಗಳಿಲ್ಲದೆ ವಿದ್ವಾಂಸರ ನಾದವಿಲ್ಲ. ಆದರೂ ಕಚೇರಿಯ ವೇದಿಕೆಯ ಮೇಲೆ ಆ ಕೈಗಳಿಗೆ ಸ್ಥಾನವಿರಲಿಲ್ಲ. ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವನ್ನು ಆರಾಧಿಸುವ ನಾವಾದರೂ, ನಮ್ಮ ತಬಲಕ್ಕೆ ಮುಚ್ಚಿಗೆ ಹಾಕಿದವರ ಹೆಸರನ್ನು ತಿಳಿದಿದ್ದೇವೆಯೆ?

ಧರ್ಮಕೇಂದ್ರಗಳ ಪಾಲನಾ ಸಮಿತಿಗಳ ಮುಂದೆ ನಮ್ಮ ಬೇಡಿಕೆ ದೊಡ್ಡದಲ್ಲ. ಮೂಲೆಯಲ್ಲಿರುವ ಪೆಟ್ಟಿಗೆಯನ್ನು ಈ ವರ್ಷವೇ ರಿಪೇರಿಗೆ ಕೊಡಿ. ಧ್ವನಿವರ್ಧಕಕ್ಕೆ ಖರ್ಚು ಮಾಡುವುದರಲ್ಲಿ ಸಣ್ಣದೊಂದು ಪಾಲು ಅದಕ್ಕೆ ಸಾಕು. ಹತ್ತು ಹನ್ನೆರಡು ವಯಸ್ಸಿನ ಇಬ್ಬರು ಮಕ್ಕಳನ್ನು, ಒಬ್ಬ ಹುಡುಗ ಒಬ್ಬಳು ಹುಡುಗಿ, ಕಲಿಯಲು ಕಳುಹಿಸಿ. ಕಲಿಸುವವರು ಯಾರು ಎಂದರೆ, ಅಂಗಡಿಯ ಜಗಲಿಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಅವರು ಭಜನೆಯ ಮೇಷ್ಟರಾಗಿದ್ದರೆ ಹಿಂಜರಿಯುವ ತಂದೆತಾಯಿಗಳಿದ್ದಾರೆ. ಸ್ವರಗಳು ಏಳೇ, ಅವುಗಳಿಗೆ ಜ್ಞಾನಸ್ನಾನದ ದಾಖಲೆ ಬೇಕಿಲ್ಲ ಎಂದು ಅಂಥವರಿಗೆ ಹೇಳುತ್ತ ಬಂದಿದ್ದೇವೆ.

ರಿಪೇರಿಗೆ ಕೊಡುವಾಗ ನಿಮ್ಮ ಗಾನವೃಂದ ಸಾಮಾನ್ಯವಾಗಿ ಎಷ್ಟು ಮನೆಯಲ್ಲಿ ಹಾಡುತ್ತದೆಂಬುದನ್ನು ಹೇಳಿರಿ. ಆ ಭಾಗದ ರೀಡುಗಳೇ ಹೆಚ್ಚು ಸವೆದಿರುತ್ತವೆ. ಮನೆಗೆ ತಂದ ಮೇಲೆ ಹತ್ತಿಯ ಬಟ್ಟೆ ಹೊದಿಸಿ, ನೆಲದಿಂದ ಮೇಲೆ ಮಣೆಯ ಮೇಲಿಡಿ. ತರೀಕೆರೆಯ ಕಡೆಯವರು ಮಳೆಗಾಲದಲ್ಲಿ ತೇವ ತಾಗದಂತೆ ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಹಾಡಿರಲಿ ಬಿಡಲಿ, ವಾರಕ್ಕೆ ಎರಡು ಬಾರಿಯಾದರೂ ಎಲ್ಲ ಮನೆಗಳಲ್ಲೂ ಗಾಳಿಯಾಡಿಸಲು ಯಾರಾದರೊಬ್ಬರಿಗೆ ವಸ್ತ್ರಾಗಾರದ ಬೀಗದ ಕೈ ಕೊಟ್ಟಿಡಿ.