ಸದ್ದಡಗಿದ ವೇಗ

ಮೋಟಾರು ಕಾರು ಹುಟ್ಟಿದುದು ಒಂದೆಡೆಯಿಂದ ಮತ್ತೊಂದೆಡೆಗೆ ಹೋಗುವುದಕ್ಕಾಗಿ. ಆದರೆ ಹೋಗಿ ಸೇರುವುದಕ್ಕಿಂತ ಹೋಗುವ ರೀತಿಗೇ ಹೆಚ್ಚು ಬೆಲೆ ಕಟ್ಟುವ ಜನರೂ ಇದ್ದಾರೆ. ಅವರಿಗಾಗಿಯೇ ನಿರ್ಮಿತವಾದ ಕಾರುಗಳೂ ಉಂಟು. ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಪೋರ್ಷೆ ಕಾರ್ಖಾನೆಯ 911 ಎಂಬ ಕಾರು ಇಂಥವುಗಳಲ್ಲಿ ಬಹು ಪ್ರಸಿದ್ಧವಾದುದು. 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಹಿಂದಿನ ಗಾಲಿಗಳಿಗೂ ಹಿಂದೆ ಎಂಜಿನು; ಆ ಎಂಜಿನನ್ನು ತಣಿಸಲು ನೀರಿಲ್ಲ, ಬರಿಯ ಗಾಳಿ. ಮೂವತ್ತನಾಲ್ಕು ವರ್ಷಗಳವರೆಗೆ ಈ ಏರ್ಪಾಡು ಬದಲಾಗಲಿಲ್ಲ. 1997ರಲ್ಲಿ ಮಾತ್ರ ಗಾಳಿಯ ಸ್ಥಾನಕ್ಕೆ ನೀರು ಬಂದಿತು. ಕಾರ್ಖಾನೆಯ ಒಳಗಣ ಗುರುತಿನಂತೆ ಗಾಳಿಯಿಂದ ತಣಿಯುವ ಕೊನೆಯ ಮಾದರಿಗೆ 993 ಎಂದೂ, ನೀರಿನಿಂದ ತಣಿಯುವ ಮೊದಲ ಮಾದರಿಗೆ 996 ಎಂದೂ ಹೆಸರು.

993ನ್ನು ಕೊಟ್ಟು 996ನ್ನು ಕೊಂಡವನಿಗೆ ದೊರೆತುದೇನು? ಅಂಕಿಗಳನ್ನು ನೋಡಿದರೆ ಲಾಭವೇ ಲಾಭ. ಎಂಜಿನಿನ ಸಾಮರ್ಥ್ಯ 285 ಅಶ್ವಶಕ್ತಿಯಿಂದ 300ಕ್ಕೆ ಏರಿತು. ಕಾರು ಸುಮಾರು 18 ಸೆಂಟಿಮೀಟರು ಉದ್ದವಾದರೂ ತೂಕದಲ್ಲಿ 50 ಕಿಲೋಗ್ರಾಮಿನಷ್ಟು ಇಳಿಯಿತು. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರು ವೇಗವನ್ನು ಮುಟ್ಟಲು ಹಳೆಯದಕ್ಕೆ 5.4 ಸೆಕೆಂಡು ಬೇಕಾಗಿದ್ದರೆ ಹೊಸದಕ್ಕೆ 5.2 ಸಾಕಾಯಿತು. ಒಳಗೆ ಸ್ಥಳ ಹೆಚ್ಚು, ಸದ್ದು ಕಡಿಮೆ. ಇಷ್ಟಾದರೂ ಬದಲಾಯಿಸಿಕೊಂಡವರಲ್ಲಿ ಅನೇಕರು ಹೊಸ ಕಾರು ನಿಧಾನವೆಂದು ತೋರುತ್ತದೆ, ಅದರಲ್ಲಿ ಏನೋ ಕಳೆದುಹೋಗಿದೆ ಎಂದು ಗೊಣಗಿದರು. ಇಂದು ಹಳೆಯ ಕಾರುಗಳ ಪೇಟೆಯಲ್ಲಿ ಇವೆರಡರ ಪೈಕಿ ಸಾಮಾನ್ಯವಾಗಿ ಹೆಚ್ಚಿನ ಬೆಲೆ ಸಿಕ್ಕುವುದು 993ಕ್ಕೇ.

ಇಂಥ ಸಂದರ್ಭಗಳಲ್ಲಿ ‘ಹಳೆಯದಕ್ಕೆ ಆತ್ಮವಿತ್ತು’ ಎಂಬ ಮಾತು ಕೇಳಿಬರುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿ ಅಷ್ಟಕ್ಕೆ ತೃಪ್ತನಾಗಬೇಕಾಗಿಲ್ಲ. ಕಳೆದುಹೋದುದರಲ್ಲಿ ಬಹುಭಾಗವನ್ನು ಅಳೆಯಬಹುದು. ಏಕೆ ಕಳೆಯಿತೆಂಬುದನ್ನೂ ಹೇಳಬಹುದು.

ಮೊದಲು ಶಾಖದ ವಿಚಾರ. ಪೆಟ್ರೋಲು ಉರಿದಾಗ ಹೊರಬೀಳುವ ಶಕ್ತಿಯಲ್ಲಿ ಅಂದಾಜಿಗೆ ಮೂರರಲ್ಲಿ ಒಂದು ಪಾಲು ಮಾತ್ರ ಗಾಲಿಗಳನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಉಳಿದುದರಲ್ಲಿ ಬಹುಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಮಿಕ್ಕುದು ಎಂಜಿನಿನ ಲೋಹವನ್ನು ಕಾಯಿಸುತ್ತದೆ. ಈ ಗಾತ್ರದ ಎಂಜಿನು ಪೂರ್ಣ ಸಾಮರ್ಥ್ಯದಿಂದ ಕೆಲಸಮಾಡುವಾಗ ಲೋಹದಿಂದ ತೆಗೆದುಹಾಕಬೇಕಾದ ಶಾಖ ನೂರು ಕಿಲೋವ್ಯಾಟಿನ ಸುಮಾರಿಗೆ ಬರುತ್ತದೆ. ಬಚ್ಚಲುಮನೆಯಲ್ಲಿ ನೀರು ಕಾಯಿಸುವ ಎರಡು ಕಿಲೋವ್ಯಾಟಿನ ವಿದ್ಯುತ್ ಒಲೆಗಳನ್ನು ಐವತ್ತರಷ್ಟು ಒಟ್ಟಿಗೆ ಹೊತ್ತಿಸಿದರೆ ಎಷ್ಟೋ ಅಷ್ಟು! ಒಂದು ಲೀಟರು ನೀರಿನ ಉಷ್ಣತೆ ಒಂದು ಡಿಗ್ರಿ ಏರಬೇಕಾದರೆ ಅದು ಸುಮಾರು 4,180 ಜೂಲು ಶಾಖವನ್ನು ಹೀರಬೇಕು. ಒಂದು ಲೀಟರು ಗಾಳಿಗೆ 1.2 ಜೂಲು ಸಾಕು. ಎಂದರೆ ಗಾತ್ರಕ್ಕೆ ಗಾತ್ರ ಹೋಲಿಸಿದಲ್ಲಿ ನೀರು ಗಾಳಿಯ ಸುಮಾರು 3,500ರಷ್ಟು ಶಾಖವನ್ನು ಹೊತ್ತೊಯ್ಯಬಲ್ಲುದು. ಈ ಕೊರತೆಯನ್ನು ತುಂಬಲು ಹಳೆಯ 911ರಲ್ಲಿ ದೊಡ್ಡದೊಂದು ಬೀಸಣಿಗೆ ಭರದಿಂದ ಸುತ್ತುತ್ತಿತ್ತು. ಉರುಳೆಗಳ ಮೈಗೆ ಗಾಳಿ ತಗಲುವ ಹರವು ಹೆಚ್ಚಲೆಂದು ತೆಳುವಾದ ಲೋಹದ ರೆಕ್ಕೆಗಳಿದ್ದುವು. ಹೆಸರಿಗೆ ಗಾಳಿಯೇ ಆದರೂ ಹತ್ತು ಲೀಟರಿಗೂ ಮಿಕ್ಕ ಎಣ್ಣೆ ಒಳಗೆ ಹರಿದಾಡಿ ತಣಿಸುವ ಕೆಲಸದ ದೊಡ್ಡ ಪಾಲನ್ನು ಸದ್ದಿಲ್ಲದೆ ಮಾಡುತ್ತಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಹೀಗಿರುವಲ್ಲಿ ಕಾರ್ಖಾನೆಯವರು ಗಾಳಿಯನ್ನು ಬಿಟ್ಟುದೇಕೆ? ಎಂಜಿನು ಚೆನ್ನಾಗಿ ಉಸಿರಾಡಬೇಕಾದರೆ, ಹೊಗೆ ಕಡಿಮೆಯಾಗಬೇಕಾದರೆ, ಪ್ರತಿಯೊಂದು ಉರುಳೆಗೂ ಎರಡರ ಬದಲು ನಾಲ್ಕು ಕವಾಟಗಳಿರುವುದು ಲೇಸು. ಆದರೆ ಹೊಗೆ ಹೊರಡುವ ಎರಡು ಕವಾಟಗಳ ನಡುವೆ ಉಳಿಯುವ ಕಿರಿದಾದ ಲೋಹದ ಸೇತುವೆ ಕೆಂಡದಂತೆ ಕಾಯುತ್ತದೆ. ಅಲ್ಲಿಗೆ ಗಾಳಿಯನ್ನು ಸಾಕಷ್ಟು ತಲುಪಿಸುವುದು ಬಹು ಕಷ್ಟ. ಸಣ್ಣ ಕಾಲುವೆ ಕೊರೆದು ನೀರು ಹರಿಸುವುದು ಸುಲಭ. ಪೋರ್ಷೆಯವರಿಗೆ ಇದು ಮೊದಲೇ ತಿಳಿದಿತ್ತು. 1978ರ ಅವರ 935 ಎಂಬ ಪಂದ್ಯದ ಕಾರಿನಲ್ಲಿಯೂ, 1980ರ ದಶಕದ 959ರಲ್ಲಿಯೂ ನಾಲ್ಕು ಕವಾಟಗಳ ತಲೆಭಾಗಕ್ಕೆ ನೀರನ್ನೂ, ಉರುಳೆಗಳಿಗೆ ಗಾಳಿಯನ್ನೂ ಬಳಸಿದ್ದರು. ಎರಡನೆಯ ಕಾರಣ ಸದ್ದಿನ ಕಾಯಿದೆ. ಐರೋಪ್ಯ ರಾಷ್ಟ್ರಗಳಲ್ಲಿ ಕಾರು ವೇಗವನ್ನು ಏರಿಸುತ್ತ ಹಾದುಹೋಗುವಾಗ ಏಳೂವರೆ ಮೀಟರು ದೂರದಲ್ಲಿ ಅದರ ಸದ್ದನ್ನು ಅಳೆಯುತ್ತಾರೆ. 1970ರಲ್ಲಿ 82 ಡೆಸಿಬೆಲ್ ಇದ್ದ ಮಿತಿ 1990ರ ದಶಕದ ನಡುವಿನ ಹೊತ್ತಿಗೆ 74ಕ್ಕೆ ಇಳಿಯಿತು. ಎಂಟು ಡೆಸಿಬೆಲ್ ಎಂದರೆ ಅಲ್ಪವೆಂದು ತೋರಬಹುದು. ಡೆಸಿಬೆಲ್ ಲೆಕ್ಕ ಲಾಗರಿತಮ್ಮಿನದೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಎಂಟು ಇಳಿಯಿತೆಂದರೆ ಶಬ್ದದ ತೀವ್ರತೆ ಆರರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಯಿತೆಂದು ಅರ್ಥ. ಉರುಳೆಗಳ ಸುತ್ತ ನೀರಿನ ಕವಚವಿದ್ದರೆ ಅದು ಒಳಗಿನ ಸ್ಫೋಟದ ಸದ್ದನ್ನು ನುಂಗುತ್ತದೆ. ಗಾಳಿಯಿಂದ ತಣಿಯುವ ಎಂಜಿನಿಗೆ ಈ ಕಂಬಳಿಯಿಲ್ಲ. ಸಾಲದೆಂಬಂತೆ ಬೀಸಣಿಗೆಯ ಭೋರ್ಗರೆತ ಬೇರೆ.

ಸದ್ದು ಗಾಳಿಯಲ್ಲಿ ಮಾತ್ರ ಬರುವುದಿಲ್ಲ. ಎಂಜಿನು ನಡುಗಿದಂತೆಲ್ಲ ಕಾರಿನ ಒಡಲೂ, ಪೀಠವೂ, ಚಾಲಕನ ಬೆನ್ನೂ ನಡುಗುತ್ತವೆ. ಇದನ್ನು ತಡೆಯಲು ಎಂಜಿನನ್ನು ರಬ್ಬರಿನ ದಿಂಬುಗಳ ಮೇಲೆ ಕೂರಿಸುತ್ತಾರೆ. ದಿಂಬಿನ ಮೇಲೆ ಕುಳಿತ ಎಂಜಿನಿಗೆ ತನ್ನದೇ ಆದ ಸಹಜ ಆವೃತ್ತಿಯೊಂದಿರುತ್ತದೆ. ಅದಕ್ಕಿಂತ ಬಹಳ ಹೆಚ್ಚಿನ ಆವೃತ್ತಿಯ ಕಂಪನಗಳು ದಿಂಬನ್ನು ದಾಟಲಾರವು. ಎಷ್ಟು ದಾಟುತ್ತವೆ? ಕಂಪನದ ಆವೃತ್ತಿಯನ್ನು ಸಹಜ ಆವೃತ್ತಿಯಿಂದ ಭಾಗಿಸಿ, ಬಂದುದನ್ನು ವರ್ಗಿಸಿ, ಅದರಲ್ಲಿ ಒಂದನ್ನು ಕಳೆಯಿರಿ; ಉಳಿದ ಸಂಖ್ಯೆಯಲ್ಲಿ ಒಂದಂಶ ಮಾತ್ರ ದಾಟುತ್ತದೆ. ಆರು ಉರುಳೆಗಳ ಎಂಜಿನಿನಲ್ಲಿ ಒಂದು ಸುತ್ತಿಗೆ ಮೂರು ಸ್ಫೋಟಗಳು. ನಿಮಿಷಕ್ಕೆ 3,000 ಸುತ್ತು, ಎಂದರೆ ಸೆಕೆಂಡಿಗೆ 50 ಸುತ್ತು ತಿರುಗಿದಾಗ ಸೆಕೆಂಡಿಗೆ 150 ಸ್ಫೋಟಗಳಾಗುತ್ತವೆ. ಉದಾಹರಣೆಗೆಂದು ಗಡಸು ದಿಂಬಿನ ಸಹಜ ಆವೃತ್ತಿ 30 ಎಂದಿಟ್ಟುಕೊಳ್ಳೋಣ: ಇಪ್ಪತ್ತನಾಲ್ಕರಲ್ಲಿ ಒಂದಂಶ ದಾಟಿತು. ದಿಂಬನ್ನು ಮೃದುಮಾಡಿ 10ಕ್ಕೆ ಇಳಿಸಿದರೆ ದಾಟುವುದು ಇನ್ನೂರಿಪ್ಪತ್ತನಾಲ್ಕರಲ್ಲಿ ಒಂದಂಶ. ಒಂದು ರಬ್ಬರಿನ ತುಂಡನ್ನು ಬದಲಿಸಿದುದಕ್ಕೆ ನಡುಕ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯಿತು.

ನಯವೆಂದು ನಾವು ಕರೆಯುವುದರ ತಿರುಳು ಇದೇ. ನಯವಾದ ಕಾರೆಂದರೆ ಒಳ್ಳೆಯ ಜರಡಿ. ಜರಡಿ ಹಿಡಿಯುವಾಗ ಒಂದು ತೊಡಕುಂಟು: ಬೇಡದ ಗದ್ದಲವಾವುದು, ಚಾಲಕನಿಗೆ ಬೇಕಾದ ಸುದ್ದಿಯಾವುದು ಎಂಬ ಭೇದ ರಬ್ಬರಿಗೆ ತಿಳಿಯದು.

ಚಾಲನಚಕ್ರವನ್ನು ಹಿಡಿದ ಕೈಗೆ ಬರುವ ಸುದ್ದಿಯನ್ನು ನೋಡೋಣ. ಕಾರು ತಿರುವಿನಲ್ಲಿ ಹೋಗುವಾಗ ಮುಂದಿನ ಟೈರುಗಳ ನೆಲಕ್ಕೆ ತಗಲಿದ ಭಾಗ ಸ್ವಲ್ಪ ತಿರುಚಿಕೊಳ್ಳುತ್ತದೆ. ಆ ಭಾಗದ ಮುಂದಂಚಿನಲ್ಲಿ ತಿರುಚು ಕಡಿಮೆ, ಹಿಂದಂಚಿನಲ್ಲಿ ಹೆಚ್ಚು. ಆದುದರಿಂದ ನೆಲವು ಟೈರನ್ನು ಪಕ್ಕಕ್ಕೆ ತಳ್ಳುವ ಬಲದ ಕೇಂದ್ರ ಗಾಲಿಯ ನಡುವಿನಲ್ಲಿರದೆ ಕೆಲವು ಸೆಂಟಿಮೀಟರು ಹಿಂದೆ ಇರುತ್ತದೆ. ಈ ದೂರದಿಂದಾಗಿ ಗಾಲಿಯನ್ನು ನೇರಕ್ಕೆ ತರಬಯಸುವ ತಿರುಚುಬಲವೊಂದು ಹುಟ್ಟಿ ಚಕ್ರದ ಮೂಲಕ ಚಾಲಕನ ಅಂಗೈಯನ್ನು ಒತ್ತುತ್ತದೆ. ತಿರುವು ಬಿಗಿಯಾದಂತೆ ಒತ್ತಡ ಏರುತ್ತದೆ. ಆದರೆ ಹಿಡಿತ ತನ್ನ ಮಿತಿಗೆ ಸಮೀಪಿಸಿದಾಗ ಟೈರಿನ ಹಿಂದಂಚು ಮೊದಲು ಜಾರತೊಡಗುತ್ತದೆ. ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ. ಪಕ್ಕದ ಬಲ ಇನ್ನೂ ಏರುತ್ತಿರುವಾಗಲೇ ಅಂಗೈಯ ಮೇಲಣ ಒತ್ತಡ ಇಳಿಯಲಾರಂಭಿಸುತ್ತದೆ. ಚಕ್ರ ಕೈಯಲ್ಲಿ ಹಗುರವಾಯಿತು! ಟೈರು ಪೂರ್ತಿ ಜಾರುವ ಮುನ್ನವೇ ಬರುವ ಮುನ್ಸೂಚನೆ ಇದು. ಯಾವ ಗಣಕಯಂತ್ರವೂ ಇಲ್ಲದೆ, ಬರಿಯ ರಬ್ಬರು ಮತ್ತು ಉಕ್ಕಿನ ಮೂಲಕ ಬಂದ ಈ ಸುದ್ದಿಯ ಸೊಗಸನ್ನು ನಾನು ತರಗತಿಯಲ್ಲಿ ವಿವರಿಸುವಾಗಲೆಲ್ಲ ಮೆಚ್ಚಿಕೊಳ್ಳದಿರಲಾರೆ.

911ರಲ್ಲಿ ಕೈಗೆ ನೆರವಾಗಲು ಎಣ್ಣೆಯ ಒತ್ತಡದ ಏರ್ಪಾಡು ಬಂದುದು 1989ರ ಮಾದರಿಯಲ್ಲಿ. 993ರಲ್ಲಿಯೂ 996ರಲ್ಲಿಯೂ ಅದೇ ಇದ್ದಿತು. ಆದುದರಿಂದ ಈ ಎರಡರ ನಡುವೆ ಕೈಗೆ ಬರುವ ಸುದ್ದಿ ಪೂರಾ ಅಳಿಸಿಹೋಗಲಿಲ್ಲ, ಮೆಲುವಾಯಿತಷ್ಟೆ. ದೊಡ್ಡ ಬದಲಾವಣೆಯಾದುದು 2011ರಲ್ಲಿ. ಎಣ್ಣೆಯ ಜಾಗಕ್ಕೆ ವಿದ್ಯುತ್ ಮೋಟಾರು ಬಂದಿತು. ಎಣ್ಣೆಯ ಪಂಪು ಬೇಕಿರಲಿ ಬೇಡದಿರಲಿ ಎಂಜಿನಿನಿಂದ ಶಕ್ತಿಯನ್ನು ಕಸಿಯುತ್ತಲೇ ಇರುತ್ತದೆ. ಮೋಟಾರು ಬೇಕಾದಾಗ ಮಾತ್ರ ಕೆಲಸಮಾಡಿ ಪೆಟ್ರೋಲನ್ನು ಉಳಿಸುತ್ತದೆ. ಆ ಸಲವೂ ಗೊಣಗಾಟ ಎದ್ದಿತು.

ಕಿವಿಗೂ ಬೆನ್ನಿಗೂ ಅಂಗೈಗೂ ಬರುತ್ತಿದ್ದ ಸುದ್ದಿ ಕಡಿಮೆಯಾದರೆ ಸುಖವೇ ಆಯಿತಲ್ಲ, ನಷ್ಟವೇನೆಂದು ಕೇಳಬಹುದು. ಸಮವೇಗದಲ್ಲಿ ನೇರವಾಗಿ ಚಲಿಸುವಾಗ ವೇಗವನ್ನೇ ನೇರವಾಗಿ ತಿಳಿಸುವ ಇಂದ್ರಿಯ ನಮ್ಮ ಮೈಯಲ್ಲಿ ಯಾವುದೂ ಇಲ್ಲ. ನಮಗೆ ತಿಳಿಯುವುದು ವೇಗದ ಬದಲಾವಣೆ ಮಾತ್ರ. ವೇಗವನ್ನು ಕಣ್ಣೆದುರು ಹರಿಯುವ ರಸ್ತೆಯಿಂದಲೂ, ಸದ್ದಿನಿಂದಲೂ, ನಡುಕದಿಂದಲೂ ಊಹಿಸುತ್ತೇವೆ. ಕಿವಿಗೆ ಸದ್ದು ಬೀಳದಂತೆ ಮಾಡಿ ಕಾರಿನಲ್ಲಿ ಕೂರಿಸಿದವರು ವೇಗವನ್ನು ಇದ್ದುದಕ್ಕಿಂತ ಕಡಿಮೆಯೆಂದು ಅಂದಾಜುಮಾಡುತ್ತಾರೆ ಎಂಬುದು ಪ್ರಯೋಗಗಳಿಂದ ತಿಳಿದುಬಂದಿದೆ. ಕಿಟಕಿಗಳೆಲ್ಲ ಗಡಗಡಿಸುವ ಹಳೆಯ ಬಸ್ಸು 60 ಕಿಲೋಮೀಟರು ವೇಗದಲ್ಲಿ ಹಾರಿಹೋಗುತ್ತಿರುವಂತೆ ತೋರುವುದೂ, ಹೊಸ ರೈಲುಗಾಡಿ ಅದರ ಎರಡರಷ್ಟು ವೇಗದಲ್ಲಿ ತೆವಳುತ್ತಿರುವಂತೆ ತೋರುವುದೂ ಇದರಿಂದಲೇ. ಹೊಸ ಕಾರು ನಿಧಾನವೆಂದು ಗೊಣಗಿದವರು ಸುಳ್ಳಾಡಲಿಲ್ಲ. ತಮಗೆ ಅನಿಸಿದುದನ್ನೇ ಹೇಳಿದರು.

ಅಪಾಯವಿರುವುದು ಇಲ್ಲಿ. ಹಳೆಯ ಕಾರಿನ ಸದ್ದಿಗೆ ಒಗ್ಗಿದ ಚಾಲಕ ಹೊಸ ಕಾರಿನಲ್ಲಿ ಅದೇ ಅನುಭವವನ್ನು ಹುಡುಕುತ್ತ ತನಗರಿವಿಲ್ಲದೆ ವೇಗವನ್ನು ಏರಿಸುತ್ತಾನೆ. 100 ಕಿಲೋಮೀಟರು ವೇಗವೆಂದು ಎಣಿಸಿದ್ದಾನೆ. ವಾಸ್ತವವಾಗಿ 130 ಇದೆ ಎನ್ನೋಣ. ವೇಗ ಹೆಚ್ಚಿದುದು ನೂರಕ್ಕೆ ಮೂವತ್ತರಂತೆ. ಆದರೆ ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುವುದರಿಂದ ಅದು ನೂರಕ್ಕೆ ಅರುವತ್ತೊಂಬತ್ತರಂತೆ ಹೆಚ್ಚಿತು. ಒಣ ರಸ್ತೆಯಲ್ಲಿ ಸೆಕೆಂಡಿಗೆ ಸೆಕೆಂಡಿಗೆ 8 ಮೀಟರಿನಂತೆ ವೇಗವನ್ನು ತಗ್ಗಿಸಬಲ್ಲ ಒಳ್ಳೆಯ ಬ್ರೇಕುಗಳಿದ್ದರೂ 100ರಿಂದ ನಿಲ್ಲಲು 48 ಮೀಟರು, 130ರಿಂದ ನಿಲ್ಲಲು 81 ಮೀಟರಿಗೂ ಮೇಲೆ ಬೇಕು. 48 ಮೀಟರು ಸಾಕೆಂದು ನಂಬಿದವನ ಕಾರು ಆ ಸ್ಥಳವನ್ನು ತಲುಪಿದಾಗ ಇನ್ನೂ ಗಂಟೆಗೆ 80 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿರುತ್ತದೆ. ಎದುರಿಗೆ ನಿಂತಿರುವುದು ಲಾರಿಯಾಗಿದ್ದರೆ ಮುಂದಿನ ಲೆಕ್ಕ ಮಾಡಬೇಕಾಗಿಲ್ಲ.

ಹೊಸದರ ಪರವಾಗಿ ಹೇಳಬೇಕಾದುದೂ ಇದೆ. ಹಳೆಯ 911 ಸುದ್ದಿ ಕೊಡುವುದರಲ್ಲಿ ಉದಾರಿ, ತಪ್ಪನ್ನು ಕ್ಷಮಿಸುವುದರಲ್ಲಿ ಜಿಪುಣ. ಭಾರವಾದ ಎಂಜಿನು ಹಿಂತುದಿಯಲ್ಲಿರುವುದರಿಂದ ತಿರುವಿನ ನಡುವೆ ಗಾಬರಿಯಿಂದ ವೇಗದ ತುಳಿಗೆಯನ್ನು ಥಟ್ಟನೆ ಬಿಟ್ಟರೆ ಭಾರ ಮುಂದಕ್ಕೆ ವಾಲಿ, ಹಿಂದಿನ ಟೈರುಗಳ ಹಿಡಿತ ತಗ್ಗಿ, ಕಾರಿನ ಬಾಲ ಹೊರಕ್ಕೆ ಬೀಸುತ್ತಿತ್ತು. 993ರಲ್ಲಿ ಹಿಂದಿನ ಗಾಲಿಗಳ ಜೋಡಣೆಯನ್ನು ಬದಲಿಸಿ ಇದನ್ನು ಬಹಳ ಮಟ್ಟಿಗೆ ಪಳಗಿಸಿದ್ದರು. 996ರಲ್ಲಿ ಗಾಲಿಗಳ ನಡುವಣ ಅಂತರವನ್ನು 78 ಮಿಲಿಮೀಟರು ಹೆಚ್ಚಿಸಿದರು. 1998ರಲ್ಲಿ ಬಂದ ಅದರ ಕರೇರಾ 4 ಎಂಬ ಮಾದರಿಯಲ್ಲಿ ಕಾರು ತನ್ನ ಸುತ್ತ ತಾನು ತಿರುಗುವ ವೇಗವನ್ನು ಅಳೆದು, ಅದು ಮಿತಿಮೀರಿದಾಗ ಒಂದೊಂದೇ ಗಾಲಿಗೆ ಬ್ರೇಕು ಹಾಕಿ ಸರಿಪಡಿಸುವ ವಿದ್ಯುನ್ಮಾನ ಏರ್ಪಾಡೂ ಸೇರಿತು. ಬಹು ಜೀವಗಳನ್ನು ಉಳಿಸಿದ ಉಪಾಯವಿದು. ಆದರೆ ಇದೂ ಟೈರಿನ ಹಿಡಿತವನ್ನು ಹೆಚ್ಚಿಸಲಾರದು. ನೂರು ಮೀಟರು ತ್ರಿಜ್ಯದ ತಿರುವಿನಲ್ಲಿ ಘರ್ಷಣೆಯ ಗುಣಾಂಕ 0.9 ಇದ್ದರೆ ಹೋಗಬಹುದಾದ ಪರಮಾವಧಿ ವೇಗ ಗಂಟೆಗೆ 107 ಕಿಲೋಮೀಟರು. ಮಳೆ ಬಿದ್ದು ಅದು 0.5ಕ್ಕೆ ಇಳಿದರೆ 80. ಯಾವ ಕಾಲದ ಕಾರಿಗೂ ಇದೇ ಲೆಕ್ಕ.

ಕೊಳ್ಳುವವರ ತೀರ್ಮಾನಕ್ಕೆ ಬೇರೆ ಕಾರಣಗಳೂ ಸೇರಿದ್ದುವು. 996ರ ಮುಂದೀಪಗಳ ಆಕಾರ ಹಲವರಿಗೆ ಹಿಡಿಸಲಿಲ್ಲ. ಅದರ ಎಂಜಿನುಗಳಲ್ಲಿ ಕೆಲವು, ಮಧ್ಯದಂಡದ ಬೇರಿಂಗು ಮುರಿದು ಹಾಳಾದುವು. ಇವು ನಮ್ಮ ವಿಷಯಕ್ಕೆ ಹೊರಗಿನವು.

ಜರಡಿಯ ತೊಡಕನ್ನು ಕಾರ್ಖಾನೆಯವರು ಅರಿಯದವರಲ್ಲ. ಮೃದುವಾದ ದಿಂಬಿನ ಮೇಲೆ ಕುಳಿತ ಭಾರವಾದ ಎಂಜಿನು ತಿರುವಿನಲ್ಲಿ ತೂಗಾಡಿ ಕಾರನ್ನು ಅಲುಗಿಸುತ್ತದೆ. ಗಡಸು ದಿಂಬಾದರೆ ಬೆನ್ನು ನಡುಗುತ್ತದೆ. 2009ರ ಜಿಟಿ3 ಎಂಬ ಮಾದರಿಗೆಂದು ಅವರು ಎರಡೂ ಗುಣಗಳುಳ್ಳ ದಿಂಬನ್ನು ಒದಗಿಸಿದರು. ಅದರೊಳಗಿನ ದ್ರವದಲ್ಲಿ ಕಬ್ಬಿಣದ ಅತಿ ಸಣ್ಣ ಕಣಗಳು ತೇಲುತ್ತಿರುತ್ತವೆ. ಕಾಂತಕ್ಷೇತ್ರವನ್ನು ಹಾಯಿಸಿದೊಡನೆ ಕಣಗಳು ಸರಪಣಿಗಟ್ಟಿ ದ್ರವ ಬಿಗಿಯುತ್ತದೆ, ತೆಗೆದೊಡನೆ ಸಡಿಲವಾಗುತ್ತದೆ. ನೆಟ್ಟಗಿನ ರಸ್ತೆಯಲ್ಲಿ ಮೃದು, ತಿರುವಿನಲ್ಲಿ ಗಡಸು.

ಸದ್ದಿನ ವಿಷಯದಲ್ಲಿ ಮಾಡಿದ ಉಪಾಯ ಇನ್ನೂ ವಿನೋದವಾಗಿದೆ. ವಿದ್ಯುತ್ ಮೋಟಾರಿನ ಚಾಲನಚಕ್ರ ಬಂದ 2011ರ ಅದೇ ಮಾದರಿಯಲ್ಲಿ, ಎಂಜಿನು ಗಾಳಿಯನ್ನು ಒಳಗೆಳೆದುಕೊಳ್ಳುವ ಸದ್ದನ್ನು ಹಿಡಿದು, ತೆಳುವಾದ ಪೊರೆಯೊಂದರ ಮೂಲಕ ಚಾಲಕ ಕುಳಿತಿರುವ ಕಡೆಗೆ ಸಾಗಿಸುವ ಕೊಳವೆಯೊಂದನ್ನು ಅಳವಡಿಸಿದರು. ದಶಕಗಳ ಕಾಲ ಶ್ರಮಿಸಿ ಹೊರಗಟ್ಟಿದ ಸದ್ದಿನಲ್ಲಿ ಆಯ್ದ ಒಂದು ಪಾಲು ಹೀಗೆ ಹಿಂದಿರುಗಿತು. ಅದು ಬೇಕೆನಿಸಿದವರು ಒಂದು ಗುಂಡಿಯನ್ನು ಒತ್ತಬೇಕು, ಬೇಡದವರು ಸುಮ್ಮನಿರಬಹುದು.