ಬಾಳೆಹಣ್ಣಿನ ನೊಣಕ್ಕೂ ಬಂತು ಬೆಲೆ!

ಬಸ್‌ಸ್ಟ್ಯಾಂಡ್ ಪಕ್ಕದ ಹಣ್ಣಿನ ಅಂಗಡಿಯವರು ಬೆಳಗಾದರೆ ಶಾಪ ಹಾಕುವ ಜೀವ ಒಂದಿದೆ. ಕಳಿತ ಬಾಳೆಗೊನೆಯ ಸುತ್ತ ಕಚ್ಚದೆ, ಕುಟುಕದೆ, ಸುಮ್ಮನೆ ಮುತ್ತಿಕೊಳ್ಳುವ ಎಳ್ಳುಕಾಳಿನಷ್ಟು ನೊಣ. ಟವೆಲ್ ಬೀಸಿದರೆ ಏಳುತ್ತೆ, ಕೈ ಇಳಿಸಿದರೆ ಮತ್ತೆ ಹಾಜರ್.

ಈ ನೊಣವನ್ನು ದುಡ್ಡು ಕೊಟ್ಟು ಕೊಳ್ಳುವ ಜನ ಇದ್ದಾರೆ ಸ್ವಾಮಿ! ಅಮೆರಿಕ, ಯೂರೋಪಿನ ಅಂಗಡಿಗಳಲ್ಲಿ ಇದನ್ನು ಪ್ಲಾಸ್ಟಿಕ್ ಲೋಟದಲ್ಲಿ ಬೆಳೆಸಿ, ಗಾಳಿಯಾಡುವ ಮುಚ್ಚಳ ಹಾಕಿ ಮಾರುತ್ತಾರೆ. ಯಾಕೆ ಅಂತೀರಾ? ಸಾಕಿದ ಕಪ್ಪೆಗೆ ಊಟ!

ವಿಷಯ ಶುರುವಾದದ್ದು ಹೀಗೆ. ಮೊನ್ನೆ ಸಂಜೆ ಅದೇ ಸಾಲಿನ ಅಕ್ವೇರಿಯಂ ಅಂಗಡಿಗೆ ಕಾಲೇಜು ಹುಡುಗನೊಬ್ಬ ಬಂದ. ಮೊಬೈಲಿನಲ್ಲಿ ಕಡುನೀಲಿ ಬಣ್ಣದ, ಹೆಬ್ಬೆರಳಿನಷ್ಟು ಕಪ್ಪೆ ತೋರಿಸಿ, "ಅಣ್ಣಾ, ಇದನ್ನ ತರಿಸಿಕೊಡ್ತೀರಾ? ಎಷ್ಟಾದ್ರೂ ಕೊಡ್ತೀನಿ" ಅಂದ. ಅಂಗಡಿಯವರು ಕನ್ನಡಕ ಏರಿಸಿ ನೋಡಿ, "ತರಿಸೋದು ಆಮೇಲೆ ಕಣಪ್ಪಾ. ಇದು ಏನು ತಿನ್ನುತ್ತೆ, ಅದು ಹೇಳು ಮೊದಲು" ಅಂದರು.

ಹುಡುಗನಿಗೆ ಗೊತ್ತಿರಲಿಲ್ಲ. ಪಿಯುಸಿ ಅರ್ಧಕ್ಕೇ ಬಿಟ್ಟ ನನಗಂತೂ ಮೊದಲೇ ಗೊತ್ತಿರಲಿಲ್ಲ. ಮನೆಗೆ ಬಂದು ಓದುತ್ತಾ ಕೂತೆ.

ಅದು ಡಾರ್ಟ್ ಕಪ್ಪೆ, ಅಂದರೆ ಬಾಣದ ಕಪ್ಪೆ. ಹುಟ್ಟೂರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡು. ಕೊಲಂಬಿಯಾ ದೇಶದ ಎಂಬೆರಾ ಬುಡಕಟ್ಟಿನವರು ಇದರಲ್ಲೇ ಒಂದು ಜಾತಿಯ ಬಂಗಾರ ಬಣ್ಣದ ಕಪ್ಪೆಯ ಬೆನ್ನಿಗೆ ಬಾಣದ ತುದಿ ಉಜ್ಜಿ, ಊದುಗೊಳವೆಯಲ್ಲಿಟ್ಟು ಬೇಟೆಯಾಡುತ್ತಿದ್ದರು. ಆ ವಿಷ ಮನುಷ್ಯನನ್ನೂ ಕೊಲ್ಲಬಲ್ಲದು.

ಇಂಥ ಜೀವವನ್ನು ಮನೆಯೊಳಗೆ ಸಾಕುವವರು ಹುಚ್ಚರೇ ಅಂತ ಕೇಳಬೇಡಿ. ಇಲ್ಲೇ ಇರೋದು ತಮಾಷೆ. ಗಾಜಿನ ಪೆಟ್ಟಿಗೆಯಲ್ಲಿ ಹುಟ್ಟಿ ಬೆಳೆದ ಡಾರ್ಟ್ ಕಪ್ಪೆಗೆ ವಿಷವೇ ಇರೋದಿಲ್ಲ! ಬಣ್ಣ ಅದೇ, ಠೀವಿ ಅದೇ, ಮೈಯಲ್ಲಿ ಮಾತ್ರ ಏನೂ ಇಲ್ಲ. ಅಮೆರಿಕದ ವಿಜ್ಞಾನಿ ಜಾನ್ ಡಾಲಿ ಮತ್ತು ಸಂಗಡಿಗರು ಇದರ ಜಾಡು ಹಿಡಿದರು. ಸಾಕಿದ ನೊಣ ತಿಂದ ಮರಿಗಳಲ್ಲಿ ವಿಷ ಸಿಗಲಿಲ್ಲ. ಕಾಡಿನ ತರಗೆಲೆಯಡಿಯ ಹುಳ ತಿಂದ ಮರಿಗಳ ಚರ್ಮದಲ್ಲಿ ಸಿಕ್ಕಿತು. ಅಂದರೆ ಈ ಕಪ್ಪೆ ವಿಷ ತಯಾರಿಸುವುದಲ್ಲ, ಇರುವೆ, ಉಣ್ಣೆಜಾತಿಯ ಸಣ್ಣ ಹುಳ ಇಂಥವನ್ನು ತಿಂದು ಮೈಯಲ್ಲಿ ಕೂಡಿಡುವುದು. ತಿಂದದ್ದೇ ಮೈಗೆ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದದ್ದು ಸುಳ್ಳಲ್ಲ ನೋಡಿ.

ಹಾಗಾದರೆ ಪೆಟ್ಟಿಗೆಯ ಊಟ ಎಂಥದು? ತಳಕ್ಕೆ ನೀರು ಬಸಿಯಲು ಕಲ್ಲು, ಅದರ ಮೇಲೆ ಮಣ್ಣು, ತರಗೆಲೆ, ಪಾಚಿ, ಅನಾನಸ್ ಜಾತಿಯ ಗಿಡ. ಪುಟ್ಟ ಕಾಡೇ ಅನ್ನಿ. ಆದರೆ ಕಾಡಿನಂತೆ ಕಂಡ ಮಾತ್ರಕ್ಕೆ ಕಾಡಿನ ಊಟ ಬಂದುಬಿಡುತ್ತಾ? ಈ ಕಪ್ಪೆ ಸತ್ತ ಹುಳ ಮುಟ್ಟುವುದಿಲ್ಲ. ಕಣ್ಣೆದುರು ಓಡಾಡಬೇಕು, ಆಗಲೇ ನಾಲಿಗೆ ಚಾಚೋದು. ಬಾಯಿಯೋ ಚಿಕ್ಕದು. ಅದಕ್ಕೇ ಹಾರಲಾರದ ತಳಿಯ ಹಣ್ಣಿನ ನೊಣ. ಆಲೂಗಡ್ಡೆ ಪುಡಿ, ಸಕ್ಕರೆ, ಯೀಸ್ಟ್, ವಿನೆಗರ್ ಕಲಸಿದ ಹಿಟ್ಟಿನ ಮೇಲೆ ಬಿಟ್ಟರೆ ಎರಡು ವಾರಕ್ಕೆ ಹೊಸ ಸಂತತಿ ತಯಾರು. ಕಪ್ಪೆಮರಿಗಾದರೆ ಇನ್ನೂ ಸಣ್ಣದು ಬೇಕು. ಹೂಕುಂಡದ ಒದ್ದೆ ಮಣ್ಣಲ್ಲಿ ಚಂಗನೆ ಜಿಗಿಯುವ ಬಿಳಿ ಚುಕ್ಕೆಯಂಥ ಹುಳ ಇದೆಯಲ್ಲ, ಸ್ಪ್ರಿಂಗ್‌ಟೇಲ್ ಅಂತಾರೆ, ಅದು. ಒದ್ದೆ ಇದ್ದಿಲಿನ ಡಬ್ಬಿಯಲ್ಲಿ ನಾಲ್ಕು ಅಕ್ಕಿಕಾಳು ಹಾಕಿ ಅದನ್ನೂ ಸಾಕುತ್ತಾರೆ. ಕಪ್ಪೆಗೊಂದು ಸಂಸಾರ, ಕಪ್ಪೆಯ ಊಟಕ್ಕೆ ಎರಡು ಸಂಸಾರ!

ಅಂಗಡಿ ಇಟ್ಟವರಿಗೆ ಈ ಕಷ್ಟ ಬೇಗ ಅರ್ಥವಾದೀತು. ಸ್ಟಾಕ್ ಮುಗಿದ ಮೇಲೆ ತರಿಸುತ್ತೇನೆ ಅಂದರೆ ಗಿರಾಕಿ ಉಳೀತಾನಾ? ನೊಣದ ಲೋಟವೂ ಹಾಗೇ. ಒಂದು ತಿಂಗಳ ಸುಮಾರಿಗೆ ಹಿಟ್ಟು ಹಳಸಿ, ಲೋಟ ಬರಿದಾಗುತ್ತದೆ. ಹಳೇದು ಮುಗಿಯುವ ಮೊದಲೇ ಹೊಸದು ಹಾಕುತ್ತಲೇ ಇರಬೇಕು. ಮದುವೆ, ಜಾತ್ರೆ ಅಂತ ಊರಿಗೆ ಹೋಗಿ ಮರೆತರೆ ಕಪ್ಪೆಗೆ ಉಪವಾಸ. ಪಕ್ಕದ ಮನೆಯವರು ತಂಗಳನ್ನ ಹಾಕಿ ಕಾಯುವ ಪ್ರಾಣಿಯಲ್ಲ ಇದು.

ಹೊಟ್ಟೆ ತುಂಬಿದರೆ ಸಾಕೇ? ಅದೂ ಸಾಲದು. ಕಾಡಿನಲ್ಲಿ ಬಗೆಬಗೆಯ ಹುಳ, ಪೆಟ್ಟಿಗೆಯಲ್ಲಿ ನಿತ್ಯ ಅದೇ ನೊಣ. ಆದ್ದರಿಂದ ನೊಣಗಳನ್ನು ಲೋಟಕ್ಕೆ ಹಾಕಿ, ಸುಣ್ಣದಂಶದ ಪುಡಿ, ವಿಟಮಿನ್ ಪುಡಿ ಸೇರಿಸಿ, ಕಡಲೆಗೆ ಖಾರ ಹಿಡಿಸಿದ ಹಾಗೆ ಕುಲುಕಿ ಬಿಡುತ್ತಾರೆ. ಸುಣ್ಣದಂಶ ತಪ್ಪಿದರೆ ಕಪ್ಪೆಯ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತೆ. ವಿಟಮಿನ್ ಎ ತಪ್ಪಿದರೆ ಇನ್ನೂ ಘೋರ. ಕಪ್ಪೆ ನೊಣ ನೋಡುತ್ತೆ, ಎಗರುತ್ತೆ, ನಾಲಿಗೆಗೆ ಮಾತ್ರ ಅಂಟೋದಿಲ್ಲ. ಎದುರಿಗೆ ಎಲೆ ತುಂಬ ಬಡಿಸಿಟ್ಟಿದ್ದರೂ ಹಸಿದು ಸಾಯುತ್ತದೆ. ಹಾಗಂತ ಅತಿ ಪ್ರೀತಿಯಿಂದ ನೊಣ ಸುರಿದರೂ ತಪ್ಪೇ. ಮಿಕ್ಕ ನೊಣ ಕಪ್ಪೆಯ ಮೈಮೇಲೇ ಹತ್ತಿ ಕಾಡುತ್ತವೆ.

ಕಾಡಿನಲ್ಲಿ ಇದೇ ಕುಲದ ಒಂದು ಕೆಂಪು ಕಪ್ಪೆ ಇದೆ. ತಾಯಿ ಮರಿಯನ್ನು ಬೆನ್ನ ಮೇಲೆ ಹೊತ್ತು, ಎಲೆಯ ಬುಡದಲ್ಲಿ ನಿಂತ ನೀರಿಗೆ ಬಿಟ್ಟು, ದಿನ ಬಿಟ್ಟು ದಿನ ಬಂದು ತನ್ನ ಮೊಟ್ಟೆಯನ್ನೇ ಉಣಿಸುತ್ತದೆ. ಅಷ್ಟು ಜತನ ಮಾಡುವ ಜಾತಿಯನ್ನು ತಂದಿಟ್ಟುಕೊಂಡವರು ಅದರ ಕಾಲುಭಾಗವಾದರೂ ಜತನ ಮಾಡಬೇಡವೇ?

ಮರುದಿನ ಇದನ್ನೆಲ್ಲ ಅಕ್ವೇರಿಯಂ ಅಂಗಡಿಯವರಿಗೆ ಒಪ್ಪಿಸಿದೆ. ಜೊತೆಗೆ ಇನ್ನೆರಡು ಮಾತೂ ಸೇರಿಸಿದೆ. ಒಂದು, ಈ ಕಪ್ಪೆಗೆ 21ರಿಂದ 27 ಡಿಗ್ರಿ ಹಿತ, 30 ದಾಟಿದರೆ ಜೀವಕ್ಕೆ ಅಪಾಯ. ಏಪ್ರಿಲ್ ತಿಂಗಳಲ್ಲಿ ಕರೆಂಟ್ ಹೋದಾಗ ನಮ್ಮ ಬಯಲುಸೀಮೆಯ ಮನೆ ಹೇಗಿರುತ್ತೆ ಅಂತ ಬೇರೆ ಹೇಳಬೇಕೇ? ಎರಡು, ಕಾನೂನು. ಡಾರ್ಟ್ ಕಪ್ಪೆಗಳು 1987ರಿಂದ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2024ರಲ್ಲಿ ನಿಯಮಗಳು ಬಂದ ಮೇಲೆ, ಆ ಪಟ್ಟಿಯ ಪ್ರಾಣಿ ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಕದ್ದು ತರಿಸಿದರೆ ಕಪ್ಪೆಯೂ ಹೋಯ್ತು, ಮರ್ಯಾದೆಯೂ ಹೋಯ್ತು.

ಅಂಗಡಿಯವರು ಪೂರ್ತಿ ಕೇಳಿ ನಕ್ಕರು. "ಅದಕ್ಕೇ ಸಾರ್, ಗಿರಾಕಿ ಬಂದು ಬೆಲೆ ಕೇಳಿದ್ರೆ ನಾನು ಊಟ ಕೇಳೋದು. ಊಟ ಗೊತ್ತಿಲ್ಲದೋರಿಗೆ ಮೀನೂ ಕೊಡಬಾರದು."

ಹೊರಗೆ ಬಂದರೆ ಹಣ್ಣಿನಂಗಡಿಯಾತ ಟವೆಲ್ ಬೀಸುತ್ತಿದ್ದ. ನೊಣಗಳು ಎದ್ದವು, ಮತ್ತೆ ಕೂತವು. ಅವುಗಳ ಬೆಲೆ ಹೇಳೋಣ ಅಂದುಕೊಂಡೆ. ಬಸ್ಸು ಬಂತು, ಹತ್ತಿಬಿಟ್ಟೆ.